ಮುಂದಿನ ಚಿತ್ರ ಹತ್ತು ನಿಮಿಷದಲ್ಲಿ

ಬೆಳಿಗ್ಗೆ ಹತ್ತರ ಚಹಾದ ಹೊತ್ತು. ಕುವೈತಿನ ರಾಯ್‌ನಲ್ಲಿರುವ ನಮ್ಮ ವರ್ಕ್‌ಶಾಪಿನ ಶಟರ್ ಅರ್ಧ ಎತ್ತಿ, ಒಳಗೆ ಬಿದ್ದ ಜನವರಿಯ ಬಿಸಿಲಿಗೆ ಕಾಲು ಚಾಚಿಕೊಂಡು ಕೂತಿದ್ದೆ. ಜೇಬಿನಲ್ಲಿದ್ದ ಫೋನು ಗುರ್ರೆಂದಿತು. ತೆಗೆದು ನೋಡಿದರೆ ಹೀಗೊಂದು ಸಂದೇಶ: "ನಿಮ್ಮ ಬೆಟ್ಟದಲ್ಲಿ ಇಪ್ಪತ್ತೆರಡು ಸೆಂಟಿಮೀಟರ್ ಹೊಸ ಹಿಮ ಬಿದ್ದಿದೆ. ಸ್ಕೀಯಿಂಗ್‌ಗೆ ಇಂದು ಅತ್ಯುತ್ತಮ ದಿನ. ಹೊರಡಿ." ನನ್ನ ಎದುರಿಗೆ ಬಿಚ್ಚಿಟ್ಟ ಎರಡು ಕಂಪ್ರೆಸರು, ಒಂದು ಎಣ್ಣೆ ಡ್ರಮ್ಮು, ರಸ್ತೆಯಾಚೆ ಸೋಫಾ ಮಾರುವ ಶೋರೂಮು. ನನ್ನದೂ ಒಂದು ಬೆಟ್ಟ ಇದೆ ಎಂಬುದನ್ನು ಆ ಫೋನು ಬಿಟ್ಟರೆ ಇಡೀ ಕುವೈತಿನಲ್ಲಿ ಬೇರೆ ಯಾರೂ ಒಪ್ಪುವುದಿಲ್ಲ.

ನಾನು ಎಸಿ ರಿಪೇರಿಯವನು. ವಿಸಿಟಿಂಗ್ ಕಾರ್ಡಿನಲ್ಲಿ ಇನ್ನೂ ಉದ್ದದ ಇಂಗ್ಲಿಷ್ ಹೆಸರಿದೆ, ಆದರೆ ಫೋನ್ ಮಾಡುವವರು ಅದನ್ನು ಓದಿ ಮಾಡುವುದಿಲ್ಲ. ಹತ್ತೊಂಬತ್ತು ವರ್ಷದಿಂದ ಈ ಊರಿನಲ್ಲಿ ಚಳಿ ತಯಾರಿಸಿ ಕೊಡುವುದೇ ನನ್ನ ಉದ್ಯೋಗ. ಬೇಸಿಗೆಯಲ್ಲಿ ನನಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಚಳಿಗಾಲದಲ್ಲಿ ನನ್ನನ್ನು ಕೇಳುವವರೇ ಇಲ್ಲ. ಹಾಗಾಗಿ ಜನವರಿಯಲ್ಲಿ ಹಳೆಯದನ್ನೆಲ್ಲ ನೆನೆಯುವುದಕ್ಕೂ, ಯಾರಾದರೂ ಸಿಕ್ಕರೆ ಹಿಡಿದು ಕೂಡಿಸಿ ಹೇಳುವುದಕ್ಕೂ ನನಗೆ ಬೇಕಾದಷ್ಟು ಸಮಯ. ಇವತ್ತು ನೀವು ಸಿಕ್ಕಿದ್ದೀರಿ.

ನನ್ನ ಫೋನಿನಲ್ಲಿ ಆರು ಹವಾಮಾನ ಆ್ಯಪ್‌ಗಳಿವೆ. ನನ್ನ ಹೆಂಡತಿ ವಿಜಯಾ ಏಳು ಅನ್ನುತ್ತಾಳೆ, ಏಳನೆಯದು ನಾನಂತೆ. ಕುವೈತಿನ ಹವಾಮಾನ ಗೊತ್ತಿದ್ದವರು ಇದನ್ನು ಕೇಳಿ ನಕ್ಕರೆ ಆಶ್ಚರ್ಯವಿಲ್ಲ. ಇಲ್ಲಿರುವುದು ಬಿಸಿ, ಕಡಿಮೆ ಬಿಸಿ, ಮತ್ತು ಧೂಳು. ಮೂರು ಶಬ್ದದ ಸಂಗತಿಗೆ ಆರು ಆ್ಯಪ್ ಇಟ್ಟುಕೊಂಡವನನ್ನು ಏನೆನ್ನಬೇಕು? ಅದರಲ್ಲೂ ಒಂದು ಆ್ಯಪು ಯುರೋಪಿನಲ್ಲಿ ತಯಾರಾದದ್ದು, ಪಾಪ, ಅದಕ್ಕೆ ಧೂಳೆಂದರೆ ಗೊತ್ತಿಲ್ಲ. ಆಕಾಶವೆಲ್ಲ ಕೆಂಪಾಗಿ, ಎದುರಿನ ಕಟ್ಟಡ ಕಾಣದೆ, ಬಾಯಲ್ಲಿ ಮರಳು ಕರಕರ ಅನ್ನುತ್ತಿದ್ದಾಗ ಅದು "ಮಂಜು ಕವಿದ ಮುಂಜಾನೆ, ನಡಿಗೆಗೆ ಹಿತಕರ" ಎಂದು ತೋರಿಸಿತು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹತ್ತು ನಿಮಿಷ ನಡೆದೂ ಬಂದೆ. ಅಷ್ಟು ವಿಶ್ವಾಸ ನನಗೆ.

ಇನ್ನೊಂದು ಆ್ಯಪಿಗೆ "ಅನ್ನಿಸುವ ಉಷ್ಣತೆ" ಎಂಬ ಖಾನೆ ಇದೆ. ಇರುವುದು ನಲವತ್ತೇಳು, ಅನ್ನಿಸುವುದು ಐವತ್ತಮೂರು. ಯಾರಿಗೆ ಅನ್ನಿಸಿತು, ಅವರನ್ನು ಎಲ್ಲಿ ನಿಲ್ಲಿಸಿ ಕೇಳಿದರು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ನನ್ನ ಜೊತೆ ಕೆಲಸ ಮಾಡುವ ಪೇಶಾವರದ ಯೂಸುಫ್ ಭಾಯಿಗೆ ಒಮ್ಮೆ ಇದನ್ನು ತೋರಿಸಿದೆ. ಜುಲೈ ತಿಂಗಳು, ಅವನು ಮಾಳಿಗೆಯ ಮೇಲೆ ಕಂಡೆನ್ಸರ್ ತೊಳೆಯುತ್ತಿದ್ದ. "ಭಾಯಿ, ಇಸ್ ಕೋ ಬೋಲೋ, ಊಪರ್ ಆಕೇ ಫೀಲ್ ಕರೇ" ಅಂದ, ಮತ್ತೆ ಪೈಪು ಹಿಡಿದ.

ಆದರೂ ನಮ್ಮ ಬಿಲ್ಡಿಂಗಿನ ಕನ್ನಡದವರಿಗೆಲ್ಲ ನಾನೇ ಹವಾಮಾನ ಇಲಾಖೆ. ಚಳಿಗಾಲ ಬಂತೆಂದರೆ ಎಲ್ಲರಿಗೂ ಮರುಭೂಮಿಯಲ್ಲಿ ಟೆಂಟು ಹಾಕಿ, ಬೆಂಕಿ ಹಚ್ಚಿ, ಊಟ ಮಾಡಿ ಬರುವ ಹುಚ್ಚು. "ಬಸವರಾಜರೇ, ಈ ಶುಕ್ರವಾರ ಹೋಗಬಹುದಾ?" ಎಂದು ಗುರುವಾರ ಫೋನು ಬರುತ್ತದೆ. ಒಂದು ವರ್ಷ ಆರೂ ಆ್ಯಪ್ ನೋಡಿ, ಗಾಳಿ ಇಲ್ಲ, ಧೈರ್ಯವಾಗಿ ಹೊರಡಿ ಅಂದೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಶಾಮಿಯಾನ ಎದ್ದು ಜಹ್ರಾದ ದಾರಿ ಹಿಡಿಯಿತು. ನಲವತ್ತು ಜನ ಬಿಸಿಬೇಳೆ ಭಾತಿನಲ್ಲಿ ಮರಳು ಆರಿಸುತ್ತಿದ್ದಾಗ ನಾನು ಒಬ್ಬೊಬ್ಬರ ಹತ್ತಿರವೂ ಹೋಗಿ ಫೋನು ತೋರಿಸಿದೆ. "ನೋಡ್ರಿ, ಈಗೂ ತೆಳು ಗಾಳಿ ಅಂತನೇ ತೋರಸಾಕತ್ತದ." ನಾನು ತಪ್ಪಲ್ಲ, ಗಾಳಿ ತಪ್ಪು ಎಂಬುದು ನನ್ನ ವಾದವಾಗಿತ್ತು. ಆವತ್ತು ಯಾರೂ ನನ್ನ ಎಲೆಗೆ ಎರಡನೇ ಸಲ ಬಡಿಸಲಿಲ್ಲ.

ಈ ಚಟ ಎಲ್ಲಿಂದ ಹತ್ತಿತು ಎಂದು ಯೋಚಿಸಿದರೆ ನನಗೆ ಗುಳೇದಗುಡ್ಡದ ನಮ್ಮ ಓಣಿ ನೆನಪಾಗುತ್ತದೆ. ಖಣ ನೇಯುವವರ ಓಣಿ ಅದು. ಗಂಜಿ ಹಚ್ಚಿದ ನೂಲಿನ ಹಾಸನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ ಒಣಗಿಸುತ್ತಿದ್ದರು. ನಾವು ಹುಡುಗರು ಅದರ ಕೆಳಗಿಂದ ಬಗ್ಗಿ ಶಾಲೆಗೆ ಹೋಗಬೇಕು, ತಲೆ ತಗುಲಿದರೆ ಬೈಗಳು. ನಾಲ್ಕು ಹನಿ ಬಿದ್ದರೂ ಹಾಸು ಕೆಟ್ಟಿತು. ಹಾಗಾಗಿ ಹಾಸು ಹಚ್ಚುವ ಮೊದಲು ಎಲ್ಲರೂ ಅಂಬವ್ವನನ್ನು ಕೇಳುತ್ತಿದ್ದರು. ಚುರಮುರಿ ಹುರಿಯುವ ಮುದುಕಿ ಅವಳು. ಹೊರಗೆ ಬಂದು, ಹುಬ್ಬಿನ ಮೇಲೆ ಕೈ ಇಟ್ಟು, ಬಾದಾಮಿ ಕಡೆಯ ಆಕಾಶವನ್ನು ನೋಡಿ, ಆಮೇಲೆ ತನ್ನ ಎಡಗಾಲಿನ ಮೊಣಕಾಲು ಒತ್ತಿ ನೋಡಿಕೊಂಡು, "ಹಚ್ರೋ, ಇವತ್ತ ಬರಂಗಿಲ್ಲ" ಅನ್ನುತ್ತಿದ್ದಳು. ಅವಳ ಮಾತೂ ಎಷ್ಟೋ ಸಲ ತಪ್ಪುತ್ತಿತ್ತು. ತಪ್ಪಿದ ದಿನ ಸಂಜೆ ಒಂದು ಬೊಗಸೆ ಚುರಮುರಿ ಹಿಡಿದುಕೊಂಡು ಹಾಸು ತೊಯ್ದವರ ಮನೆಗೆ ಹೋಗಿ, ಕಟ್ಟೆಯ ಮೇಲೆ ಕೂತು, ಅವರು ಬೈಯುವಷ್ಟೂ ಬೈಸಿಕೊಂಡು ಬರುತ್ತಿದ್ದಳು. ನನ್ನ ಆರು ಆ್ಯಪುಗಳಲ್ಲಿ ಒಂದಾದರೂ ಇವತ್ತಿನವರೆಗೆ ನಮ್ಮ ಮನೆಗೆ ಚುರಮುರಿ ತಂದದ್ದಿಲ್ಲ.

ಅದೇ ಓಣಿಯಲ್ಲಿ ಒಂದು ಬೇಸಿಗೆ ಆಣೆಕಲ್ಲು ಬಿದ್ದವು. ನನಗೆ ಒಂಬತ್ತು ವರ್ಷವಿರಬೇಕು. ನನ್ನ ತಮ್ಮ ಹಿತ್ತಾಳೆ ಬೋಗುಣಿ ಹಿಡಿದು ಓಡಿದ, ಓಣಿಯ ಹುಡುಗರೆಲ್ಲ ಓಡಿದರು. ನಾನು ಪಡಸಾಲೆಯ ಹೊಸ್ತಿಲಲ್ಲೇ ನಿಂತೆ. ಮೊದಲು ಬೀಳುವವು ಸಣ್ಣವು, ಆಮೇಲೆ ಲಿಂಬೆಹಣ್ಣಿನಷ್ಟು ದೊಡ್ಡವು ಬೀಳುತ್ತವೆ ಎಂದು ಯಾರೋ ಹೇಳಿದ್ದರು. ದೊಡ್ಡವು ಬರಲಿ ಎಂದು ಕಾದೆ. ಸ್ವಲ್ಪ ಹೊತ್ತಿಗೆ ಎಲ್ಲ ನಿಂತು ಬಿಸಿಲು ಬಿತ್ತು. ತಮ್ಮ ಬೋಗುಣಿಯಲ್ಲಿ ಉಳಿದ ಎರಡನ್ನು ಕಟಕಟ ಕಡಿದು ನುಂಗಿ, ನನಗೆ ನೀರು ತೋರಿಸಿದ. ಆ ವಯಸ್ಸಿಗೇ ನನಗೆ ಬುದ್ಧಿ ಬರಬೇಕಿತ್ತು.

ಬರಲಿಲ್ಲ ಎಂಬುದಕ್ಕೆ ನನ್ನ ಮಗಳು ಪಲ್ಲವಿಯೇ ಸಾಕ್ಷಿ. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ಪುಸ್ತಕದಲ್ಲಿ ಋತುಗಳ ಪಾಠ ಬಂತು. ಚಳಿಗಾಲ ಎಂದು ಬರೆದ ಕಡೆ ಬಿಳೀ ಹಿಮದಲ್ಲಿ ಟೊಪ್ಪಿಗೆ ಹಾಕಿದ ಮಕ್ಕಳು. "ಪಪ್ಪಾ, ವೇರ್ ಈಸ್ ಅವರ್ಸ್?" ಎಂದು ಕಿಟಕಿಯಿಂದ ಹೊರಗೆ ನೋಡಿದಳು. ಹೊರಗೆ ನೀರಿನ ಟ್ಯಾಂಕರು ನಿಂತಿತ್ತು. ಹಿಮ ಇರುವ ಕಡೆ ಕರೆದುಕೊಂಡು ಹೋಗುತ್ತೇನೆ, ಸ್ಕೀ ಕಲಿಸುತ್ತೇನೆ ಎಂದು ಮಾತು ಕೊಟ್ಟೆ. ಊರಿಗೆಲ್ಲ ಚಳಿ ಮಾಡಿಕೊಡುವವನ ಮಗಳು ಹಿಮ ನೋಡಿಲ್ಲ ಎಂದರೆ ಹೇಗೆ?

ಕೊಟ್ಟ ಮಾತು ಹನ್ನೊಂದು ವರ್ಷ ನನ್ನ ಫೋನಿನಲ್ಲೇ ಇತ್ತು. ನಾನು ಆ್ಯಪಿನಲ್ಲಿ ಆರಿಸಿಟ್ಟ ಬೆಟ್ಟ ಇರುವುದು ಜಾರ್ಜಿಯಾದಲ್ಲಿ. ಅದು ನಮಗೆ ದೂರವಲ್ಲ, ಅಮೆರಿಕದ್ದಲ್ಲ, ರಷ್ಯಾದ ಕೆಳಗಿರುವ ದೇಶ. ವಿಮಾನದಲ್ಲಿ ಮೂರು ತಾಸು, ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಇದ್ದರೆ ವೀಸಾದ ಗೊಡವೆಯೂ ಇಲ್ಲ. ನಮ್ಮ ಬಿಲ್ಡಿಂಗಿನವರು ಒಂದೂ ಆ್ಯಪ್ ತೆರೆಯದೆ, ರಜೆ ಸಿಕ್ಕ ದಿನ ಹೋಗಿ, ಬಿದ್ದು, ಎದ್ದು, ಹಲ್ಲು ಕಿರಿದು ಫೋಟೋ ತೆಗೆಸಿಕೊಂಡು ಬಂದರು. ನಾನು ಮಾತ್ರ ವೈಜ್ಞಾನಿಕವಾಗಿ ಹೋಗಬೇಕೆಂದಿದ್ದೆ. ಒಂದು ವರ್ಷ ಹಿಮದ ದಪ್ಪ ಸಾಲದು ಎಂದು ಬಿಟ್ಟೆ. ಒಂದು ವರ್ಷ ದಪ್ಪ ಹೆಚ್ಚಾಯಿತು, ಕುಸಿಯುವ ಭಯ ಎಂದು ಬಿಟ್ಟೆ. ಮತ್ತೊಂದು ವರ್ಷ ಎಲ್ಲ ಸರಿಯಿತ್ತು, ಆದರೆ ಮುಂದಿನ ವಾರ ಇನ್ನೂ ಸರಿ ಇರುತ್ತದೆ ಎಂದು ತೋರಿಸಿತು, ಅದರ ಮುಂದಿನ ವಾರ ಅದಕ್ಕಿಂತ ಸರಿ. ಹೋಗಿ ಬಂದವರ ಫೋಟೋ ನೋಡಿ, "ಹಿಮ ಸ್ವಲ್ಪ ಹಸಿ ಇದ್ದಂಗದ" ಎಂದು ದೋಷ ಹೇಳಿ ಕಳಿಸುತ್ತಿದ್ದೆ.

ಆ ಬೆಟ್ಟದ ಮೇಲೆ ಒಂದು ಕ್ಯಾಮೆರಾ ಇದೆ. ತಂತಿಯ ಮೇಲೆ ಜನರನ್ನು ಹೊತ್ತು ಏರುವ ಲಿಫ್ಟಿನ ಡಬ್ಬಿಗಳು ಬಂದು ಮುಟ್ಟುವ ತುದಿಯಲ್ಲಿ, ಕಂಬದ ಮೇಲೆ. ಹತ್ತು ನಿಮಿಷಕ್ಕೊಂದು ಚಿತ್ರ ತೆಗೆದು ಇಂಟರ್ನೆಟ್ಟಿಗೆ ಹಾಕುತ್ತದೆ, ಕೆಳಗೆ "ಮುಂದಿನ ಚಿತ್ರ ಹತ್ತು ನಿಮಿಷದಲ್ಲಿ" ಎಂದು ಬರೆದಿರುತ್ತದೆ. ಚಳಿಗಾಲದಲ್ಲಿ ಪ್ರತಿ ದಿನ ತಿಂಡಿಯ ಹೊತ್ತಿಗೆ ನಾನು ಅದನ್ನು ತೆರೆದು, ಒಂದು ಚಿತ್ರ ನೋಡಿ, ಇನ್ನೊಂದು ಬರಲಿ ಎಂದು ಕಾಯುತ್ತಿದ್ದೆ. ಪಲ್ಲವಿ ಎದುರಿಗೆ ಕೂತು ಉಪ್ಪಿಟ್ಟು ತಿನ್ನುತ್ತ ನನ್ನನ್ನು ನೋಡುತ್ತಿದ್ದಳು. ಆ ಕ್ಯಾಮೆರಾ ಯಾವ ಕಂಬದ ಮೇಲಿದೆ, ಯಾವ ಕಡೆ ಮುಖ ಮಾಡಿದೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು.

ಇನ್ನು ಜಾಕೆಟ್ಟಿನ ವಿಷಯ ಹೇಳಬೇಕು. ಕೆಳಗಿನ ಮಹಡಿಯ ಸದಾನಂದ ಶೆಟ್ಟರು ಉಡುಪಿ ಕಡೆಯವರು, ಫಹಾಹೀಲಿನಲ್ಲಿ ಒಂದು ಹೋಟೆಲಿನ ಮ್ಯಾನೇಜರು. ಮೊದಲು ಹಿಮಕ್ಕೆ ಹೋದದ್ದು ಅವರ ಮನೆಯವರೇ. ಅದಕ್ಕೆಂದು ಅವರ ಹೆಂಡತಿ ಚೆಂಡುಹೂವಿನ ಬಣ್ಣದ ದಪ್ಪ ಜಾಕೆಟ್ಟೊಂದನ್ನು ಕೊಂಡರು. ಬಂದ ಮೇಲೆ ಕುವೈತಿನಲ್ಲಿ ಅದನ್ನು ಹಾಕಿಕೊಂಡು ಎಲ್ಲಿಗೆ ಹೋಗುವುದು? ಮುಂದೆ ಹೋಗುವವರಿಗೆ ಕೊಟ್ಟರು. ಅವರು ತೊಳೆಸಿ ಮುಂದಿನವರಿಗೆ ಕೊಟ್ಟರು. ಹಾಗೆ ಅದು ಹದಿನೈದು ಇಪ್ಪತ್ತು ಮನೆ ಸುತ್ತಿದೆ. ವಾಟ್ಸಾಪ್ ಗುಂಪಿನಲ್ಲಿ ಅದರ ಸರದಿ ಪಟ್ಟಿ ಇದೆ. ವಾಪಸು ಕೊಡುವಾಗ ಎಡ ಜೇಬಿನಲ್ಲಿ ಒಂದು ಚಾಕಲೇಟು ಇಡಬೇಕು ಎಂಬುದು ನಿಯಮ. ಯಾರ ಮನೆಯ ಹಿಮದ ಫೋಟೋ ನೋಡಿದರೂ ಅದೇ ಜಾಕೆಟ್ಟು, ಒಳಗಿನ ಮುಖ ಮಾತ್ರ ಬೇರೆ. ಹುಬ್ಬಳ್ಳಿಯ ನಮ್ಮ ಷಡ್ಡಕರು ಒಮ್ಮೆ, "ನಿಮ್ಮ ಕುವೈತಿನ್ಯಾಗ ಚಳಿಗೆ ಯೂನಿಫಾರ್ಮ್ ಕೊಡ್ತಾರೇನು?" ಎಂದು ಕೇಳಿದ್ದರು.

ಹೋದ ವರ್ಷ ಪಲ್ಲವಿ ಹನ್ನೆರಡನೇ ಕ್ಲಾಸು. ಗಲ್ಫಿನಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹನ್ನೆರಡು ಮುಗಿಯಿತೆಂದರೆ ಮಕ್ಕಳು ಊರಿನ ಕಾಲೇಜಿಗೆ ಹೋಗುತ್ತಾರೆ, ಆಮೇಲೆ ಇಲ್ಲಿಗೆ ಬರುವುದು ಅತಿಥಿಗಳಾಗಿ. ಡಿಸೆಂಬರಿನಲ್ಲಿ ಒಂದು ದಿನ ನಾನು ಹಿಮದ ದಪ್ಪ ನೋಡುತ್ತ ಕೂತಿದ್ದಾಗ ವಿಜಯಾ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ಬಂದಳು.

"ಬ್ಯಾಸಗಿ ಮುಗದ ಮ್ಯಾಲೆ ಆಕಿ ಹಾಸ್ಟೆಲ್ ಹುಡಗಿ ಆಗ್ತಾಳ್ರಿ. ಈ ಚಳಿಗಾಲ ಒಂದೇ ಉಳದದ. ನಿಮ್ಮ ಆ್ಯಪಿಗೆ ಸ್ವಲ್ಪ ತಿಳಿಸಿ ಹೇಳ್ರಿ" ಅಂದಳು.

ಅಷ್ಟೇ ಹೇಳಿ ಹೋದಳು. ನಾನು ಕ್ಯಾಲೆಂಡರು ತೆಗೆದು ಕೂತೆ. ಪಲ್ಲವಿಯ ಪರೀಕ್ಷೆ ಮುಗಿಯುವುದು ಮಾರ್ಚಿ ಕೊನೆಗೆ. ಏಪ್ರಿಲ್ ಬಂತೆಂದರೆ ಎಸಿಯವನಿಗೆ ಕೆಲಸ ಕೊಟ್ಟ ಯಾವ ಕಫೀಲನೂ ರಜೆ ಕೊಡುವುದಿಲ್ಲ. ನಡುವೆ ಉಳಿದದ್ದು ಮಾರ್ಚಿಯ ಕೊನೆಯ ನಾಲ್ಕು ದಿನ, ಆ ನಾಲ್ಕು ದಿನ ಜಾಕೆಟ್ಟೂ ಖಾಲಿ ಇತ್ತು. ತೊಂಬತ್ತು ದಿನ ಮುಂದಿನ ಹವಾಮಾನವನ್ನು ಗಂಟೆ ಸಹಿತ ಹೇಳುವ ಒಂದು ವೆಬ್‌ಸೈಟು ನನಗೆ ಸಿಕ್ಕಿತ್ತು. ನಾಳೆ ಶಾಮಿಯಾನ ಹಾರುತ್ತದೋ ಇಲ್ಲವೋ ಹೇಳಲಾರದ ಜನ ಮೂರು ತಿಂಗಳಾಚೆ ಮಧ್ಯಾಹ್ನ ಎರಡು ಗಂಟೆಗೆ ಮೋಡ ಸರಿಯುತ್ತದೆ ಎಂದು ಬರೆದಿದ್ದರು, ನಾನು ನಂಬಿದೆ. ಮೈನಸ್ ಆರು ಡಿಗ್ರಿ, ಮೊಣಕಾಲುದ್ದ ಹಿಮ, ತಿಳಿ ಬಿಸಿಲು. ಅದನ್ನು ಪ್ರಿಂಟು ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಹೊರಡುವ ವಾರ ಉಳಿದ ಆ್ಯಪುಗಳೂ ಹೆಚ್ಚುಕಡಿಮೆ ಅದನ್ನೇ ಹೇಳಿದವು. ನನ್ನ ನಡಿಗೆಯೇ ಬದಲಾಯಿತು.

ಜಾಕೆಟ್ಟು ತರಲು ಹೋದಾಗ ಸದಾನಂದ ಶೆಟ್ಟರಿಗೂ ಮೈನಸ್ ಆರು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಇದು ಮೇಲಿನದ್ದಾ ಕೆಳಗಿನದ್ದಾ?"

"ಮ್ಯಾಲಿಂದು ಕೆಳಗಿಂದು ಅಂತ ಏನಿಲ್ರಿ, ಊರಿಂದು."

"ಹಾಗಲ್ಲ ಮಾರಾಯ್ರೆ, ಅಲ್ಲಿ ಬೆಟ್ಟ ಉಂಟಲ್ಲ. ನಾವು ಹೋದಾಗ ಮೇಲೆ ಒಂದು ಬಗೆ, ಕೆಳಗೆ ಒಂದು ಬಗೆ ಇತ್ತು. ಹೋಟೆಲು ಎಲ್ಲಿ ಮಾಡಿದ್ದೀರಿ?"

"ನೀವು ಆ್ಯಪ್ ನೋಡಲಾರದ ಹೋಗಿದ್ರಿ, ಅದಕ್ಕ ಹಂಗಾಗೇದ" ಅಂದೆ. ಅವರು ಜಾಕೆಟ್ಟಿನ ಝಿಪ್ಪು ಸ್ವಲ್ಪ ಬಿಗಿ, ಮೇಣ ಹಚ್ಚಿ ಎಂದಷ್ಟೇ ಹೇಳಿದರು.

ಈಗ ನನ್ನ ಪರವಾಗಿ ಒಂದು ಮಾತು. ಕುವೈತು ರೊಟ್ಟಿ ಬಡಿಯುವ ಕೊಣಮಿಗೆಯ ತಳದಷ್ಟು ಸಪಾಟು. ಮಿರ್ಕಾಬ್‌ನಲ್ಲಿ ಇಪ್ಪತ್ತಿದ್ದರೆ ಫಹಾಹೀಲಿನಲ್ಲೂ ಇಪ್ಪತ್ತು, ಒಂದು ಡಿಗ್ರಿ ಆಚೀಚೆ. ಊರಿಗೊಂದೇ ಅಂಕಿ. ಹತ್ತೊಂಬತ್ತು ವರ್ಷ ಇಂಥ ನೆಲದ ಮೇಲೆ ಬದುಕಿದವನಿಗೆ ಊರಿಗೆ ತುದಿ ಬುಡ ಎಂದು ಎರಡಿರುತ್ತವೆ, ಎರಡರ ಹವೆ ಬೇರೆ ಬೇರೆ ಎಂಬುದು ಮರೆತು ಹೋಗುತ್ತದೆ. ಹೆಸರಿನಲ್ಲೇ ಗುಡ್ಡ ಇಟ್ಟುಕೊಂಡ ಊರಿನಲ್ಲಿ ಹುಟ್ಟಿದವನು ನಾನು, ಆದರೂ ಮರೆತೆ.

ನಾವು ಹೋಟೆಲಿನ ಮುಂದೆ ಇಳಿದಾಗ ಮಳೆ ಬರುತ್ತಿತ್ತು. ಹಿಮವಲ್ಲ, ಮಳೆ. ನಮ್ಮೂರಿನದೇ ಜಿಟಿಜಿಟಿ ಮಳೆ, ಕಾಲ ಕೆಳಗೆ ಕೆಸರು, ಒಂದು ಒದ್ದೆ ನಾಯಿ. ಚೆಂಡುಹೂವಿನ ಜಾಕೆಟ್ಟು ಹಾಕಿಕೊಂಡ ಪಲ್ಲವಿ ಕೈ ಚಾಚಿ ಹನಿ ಹಿಡಿದು ನನ್ನ ಮುಖ ನೋಡಿದಳು. ನಾನು ಕೌಂಟರಿನ ಹುಡುಗಿಗೆ ಫೋನು ತೋರಿಸಿದೆ. ಅವಳು ಪರದೆಯ ಮೂಲೆಯಲ್ಲಿದ್ದ ಸಣ್ಣ ಬಾಣವನ್ನು ಒತ್ತಿದಳು. ಕೆಳಗೆ ಮೂರು ಸಾಲು ತೆರೆದುಕೊಂಡವು: ತುದಿ, ನಡು, ಬುಡ. ತುದಿಗೆ ಮೈನಸ್ ಆರು. ಬುಡಕ್ಕೆ ಐದು ಡಿಗ್ರಿ, ಮಳೆ. ಹನ್ನೊಂದು ವರ್ಷ ನಾನು ನೋಡುತ್ತಿದ್ದದ್ದು ತುದಿಯನ್ನು, ಹೋಟೆಲು ಮಾಡಿದ್ದು ಬುಡದಲ್ಲಿ. ಅವಳು ಕಿಟಕಿಯಾಚೆ ಮೋಡದ ಕಡೆ ಬೆರಳು ತೋರಿಸಿ, "ಸ್ನೋ, ಅಪ್" ಅಂದಳು. ಲಿಫ್ಟು? "ವಿಂಡ್. ಕ್ಲೋಸ್."

ಸಾಲ್ಮಿಯಾದಲ್ಲಿ ನನಗೊಬ್ಬ ಗಿರಾಕಿ ಇದ್ದಾಳೆ, ಕುವೈತಿ ಅಜ್ಜಿ. ಪ್ರತಿ ಬೇಸಿಗೆ ಫೋನ್ ಮಾಡಿ, ಎಸಿ ಕೆಲಸ ಮಾಡುತ್ತಿಲ್ಲ ಅನ್ನುತ್ತಾಳೆ. ನಾನು ಹೋಗಿ ಗಾಳಿ ಬರುವ ಬಾಯಿಗೆ ಥರ್ಮಾಮೀಟರು ಹಿಡಿದು, "ನೋಡಿ ಅಮ್ಮಾ, ಹದಿನಾಲ್ಕು ಇದೆ" ಎಂದು ತೋರಿಸಿ ಬರುತ್ತೇನೆ. ಅವಳು ಸೋಫಾದ ಮೇಲೆ ಬೆವರು ಒರೆಸಿಕೊಳ್ಳುತ್ತಾ, "ನಾನು ಅಲ್ಲಿ ಮೇಲೆ ಕೂರುವುದಿಲ್ಲ, ಇಲ್ಲಿ ಕೂರುತ್ತೇನೆ" ಅನ್ನುತ್ತಾಳೆ. ಆ ಮಾತು ನನಗೆ ತಿಳಿದದ್ದು ಜಾರ್ಜಿಯಾದ ಕೆಸರಿನಲ್ಲಿ ನಿಂತಾಗ.

ಎರಡನೇ ದಿನ ಮಳೆ, ಗಾಳಿ. ಮೂರನೇ ದಿನವೂ ಅದೇ. ನಾವು ಕೋಣೆಯಲ್ಲಿ ಕೂತು ಮನೆಯಿಂದ ತಂದ ಶೇಂಗಾ ಚಟ್ನಿ, ಚಪಾತಿ ತಿಂದೆವು. ನಾನು ಅರ್ಧ ಗಂಟೆಗೊಮ್ಮೆ ಗಾಳಿಯ ವೇಗ ಓದಿ ಹೇಳುತ್ತಿದ್ದೆ. "ಇಟ್ಸ್ ಓಕೆ, ಪಪ್ಪಾ" ಅಂದಳು ಪಲ್ಲವಿ. ಗಲ್ಫಿನ ಮಕ್ಕಳು ಇದನ್ನು ಬೇಗ ಕಲಿಯುತ್ತವೆ. ರಜೆ ಸಿಗಲಿಲ್ಲ, ಇಟ್ಸ್ ಓಕೆ. ಊರಿಗೆ ಟಿಕೆಟು ಆಗಲಿಲ್ಲ, ಇಟ್ಸ್ ಓಕೆ. ಅವಳು ಒಂದು ಸಲ ಸಿಟ್ಟು ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಾಲ್ಕನೇ ದಿನ ಸಂಜೆ ವಿಮಾನ. ಬೆಳಿಗ್ಗೆ ಎದ್ದಾಗ ಮಳೆ ನಿಂತಿತ್ತು. ವಿಜಯಾ ಕಿಟಕಿಯ ಹತ್ತಿರ ನಿಂತು, "ಅಲ್ಲಿ ಡಬ್ಬಿ ಹೊಂಟಾವಲ್ರಿ ಮ್ಯಾಲೆ" ಅಂದಳು. ನಾನು ಫೋನು ನೋಡಿದೆ. ಲಿಫ್ಟಿನ ಹೆಸರಿನ ಮುಂದೆ ಕೆಂಪು ಚುಕ್ಕೆ.

"ಬಂದ್ ಅದ. ಟೆಸ್ಟಿಂಗ್ ಮಾಡ್ತಿರಬೇಕು."

"ಡಬ್ಬ್ಯಾಗ ಮಂದಿ ಕುಂತಾರ್ರಿ."

"ಸ್ಟಾಫ್ ಇರ್ತಾರ. ಹಸರು ಚುಕ್ಕಿ ಆಗಲಿ, ಹೋಗೂಣು. ಗಾಳಿ ಜೋರ್ ಅದ ಅಂತ ಅದರಾಗ."

ವಿಜಯಾ ಚಪಾತಿ ಡಬ್ಬಿ ಚೀಲಕ್ಕೆ ಹಾಕಿ, ನನ್ನ ಕಂದು ಮಂಕಿ ಕ್ಯಾಪು ತಲೆಗೆ ಎಳೆದುಕೊಂಡು, "ಬಾರವಾ" ಅಂದಳು. ಪಲ್ಲವಿ ಬಾಗಿಲಲ್ಲಿ ತಿರುಗಿ, "ಪಪ್ಪಾ, ಕಮ್ ನೋ" ಅಂದಳು.

"ನೀವು ನಡೀರಿ. ಹತ್ತು ನಿಮಿಷದಾಗ ಬಂದೆ" ಅಂದೆ.

ಅವರು ಹೋದರು. ನಾನು ಮಂಚದ ಮೇಲೆ ಕೂತು ಕೆಂಪು ಚುಕ್ಕೆಯನ್ನು ನೋಡುತ್ತಿದ್ದೆ. ಅದು ಬದಲಾಗಲಿಲ್ಲ. ಬೇಸರವಾಗಿ, ಅಭ್ಯಾಸಬಲದಿಂದ ಕ್ಯಾಮೆರಾ ತೆರೆದೆ. ಹತ್ತೂವರೆಯ ಚಿತ್ರದಲ್ಲಿ ಬರೀ ಹಿಮ, ಬಿಸಿಲು. ಹತ್ತು ನಲವತ್ತರ ಚಿತ್ರದಲ್ಲಿ ಬಲ ಮೂಲೆಯಲ್ಲಿ ಒಂದು ಚೆಂಡುಹೂವು, ಪಕ್ಕದಲ್ಲಿ ಒಂದು ಕಂದು ಟೊಪ್ಪಿಗೆ. ಬೆಟ್ಟದ ಬುಡದಲ್ಲಿ, ಅವರಿಂದ ಕಾಲು ಗಂಟೆಯ ದಾರಿಯಲ್ಲಿ ಕೂತು, ನಾನು ನನ್ನ ಹೆಂಡತಿ ಮಗಳನ್ನು ಕುವೈತಿನಿಂದ ನೋಡುವ ಹಾಗೆ ನೋಡಿದೆ. ಹತ್ತು ಐವತ್ತರ ಚಿತ್ರದಲ್ಲಿ ಪಲ್ಲವಿ ಕಂಬದ ಹತ್ತಿರ ಬಂದಿದ್ದಳು. ಮುಖ ಕ್ಯಾಮೆರಾದ ಕಡೆಗಿತ್ತು. ಎರಡೂ ಕೈ ಮೇಲೆತ್ತಿ ನಿಂತಿದ್ದಳು. ಅಪ್ಪ ಎಲ್ಲಿರುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಬೇರೆ ಯಾವ ತಂದೆಯಾದರೂ ಬೂಟು ಕಟ್ಟದೆ ಓಡುತ್ತಿದ್ದ. ನಾನು ಆ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಂಡೆ. ಆಮೇಲೆ ಚುಕ್ಕೆ ನೋಡಿದೆ, ಕೆಂಪೇ ಇತ್ತು. ಇನ್ನೊಂದು ಚಿತ್ರ ನೋಡಿಕೊಂಡು ಹೊರಡೋಣ ಎಂದುಕೊಂಡೆ. ಹನ್ನೊಂದರ ಚಿತ್ರದಲ್ಲಿ ಅವಳ ಕೈ ಇಳಿದಿತ್ತು, ಡಬ್ಬಿಗಳು ಬರುವ ಕಡೆ ತಿರುಗಿ ನಿಂತಿದ್ದಳು. ಇನ್ನೊಂದು ನೋಡೋಣ ಎಂದೆ. ಹನ್ನೊಂದು ಹತ್ತರದರಲ್ಲಿ ಅವರಿಬ್ಬರೂ ಇರಲಿಲ್ಲ. ಆಮೇಲೆ ಮೋಡ ಬಂದು ಚಿತ್ರವೆಲ್ಲ ಬೂದುಬಣ್ಣವಾಯಿತು. ಲಿಫ್ಟಿನ ಕೆಳಗಿನ ಬಾಗಿಲಿಗೆ ನಾನು ಓಡಿ ಹೋದಾಗ ಸರಪಳಿ ಹಾಕುತ್ತಿದ್ದರು. ಆಗ ಫೋನು ಗುರ್ರೆಂದು, ಚುಕ್ಕೆ ಹಸಿರಾಯಿತು.

ಕೊನೆಯ ಡಬ್ಬಿಯಲ್ಲಿ ಅವರು ಇಳಿದು ಬಂದರು. ಪಲ್ಲವಿಯ ಮೂಗು ಕೆಂಪಾಗಿತ್ತು. ಒಬ್ಬ ಮಾಸ್ತರನು ಅರ್ಧ ಗಂಟೆ ಸ್ಕೀ ಹಿಡಿದು ನಡೆಸಿದನಂತೆ, ಐದು ಸಲ ಬಿದ್ದಳಂತೆ, ಆರನೇ ಸಲ ತಾನೇ ಜಾರಿ ನಿಂತಳಂತೆ. ವಿಜಯಾ ಮಂಕಿ ಕ್ಯಾಪು ಕಳಚಿ, ಹಿಮ ಝಾಡಿಸಿ, ನನಗೆ ವಾಪಸು ಕೊಟ್ಟಳು. ಪಲ್ಲವಿ ಚೀಲದಿಂದ ಸ್ಟೀಲಿನ ಚಪಾತಿ ಡಬ್ಬಿ ತೆಗೆದು ನನ್ನ ಕೈಗಿಟ್ಟಳು. "ಸ್ಯಾಂಪಲ್, ಪಪ್ಪಾ. ಚೆಕ್ ಮಾಡು." ಒಳಗೆ ಒತ್ತಿ ತುಂಬಿದ ಹಿಮ, ಅರ್ಧ ಕರಗಿತ್ತು, ಮೇಲೆ ಎರಡು ಶೇಂಗಾದ ಚೂರು ತೇಲುತ್ತಿದ್ದವು. ನಾನು ಏನು ಮಾಡಿದೆ ಗೊತ್ತೇ? ಜೇಬಿನಲ್ಲಿ ಸದಾ ಇರುವ ಥರ್ಮಾಮೀಟರು ತೆಗೆದು ಅದ್ದಿದೆ. "ಜೀರೋ ಪಾಯಿಂಟ್ ಟೂ. ಕರೆಕ್ಟ್ ಅದ" ಅಂದೆ. ಅವಳು ನಕ್ಕಳು, ಡಬ್ಬಿಯ ಮುಚ್ಚಳ ಹಾಕಿದಳು. ಆ ನಗೆಯನ್ನು ನಾನು ಎಷ್ಟೋ ದಿನ ನೆನೆದು ನಾಚಿದ್ದೇನೆ.

ಜಾಕೆಟ್ಟು ತೊಳೆಸಿ, ಚಾಕಲೇಟು ಇಟ್ಟು, ಮುಂದಿನವರಿಗೆ ಕೊಟ್ಟೆವು. ಆಗಸ್ಟಿನಲ್ಲಿ ಪಲ್ಲವಿ ಬೆಳಗಾವಿಯ ಹಾಸ್ಟೆಲಿಗೆ ಹೋದಳು. ನಾನು ಆರೂ ಆ್ಯಪಿಗೆ ಬೆಳಗಾವಿ ಸೇರಿಸಿದೆ. "ನಾಲ್ಕು ಗಂಟೆಗೆ ಮಳೆ ಅದ, ಛತ್ರಿ ತಗೊಂಡು ಹೋಗು" ಎಂದು ದಿನಾ ಫೋನು. ಅವಳು ದಿನಾ, "ಓಕೆ ಪಪ್ಪಾ."

ಇವತ್ತು ಬೆಳಿಗ್ಗೆ ಆ ಸಂದೇಶ ಬಂತು ಎಂದೆನಲ್ಲ. ಹಿಮ ಬಿದ್ದಿದೆಯಂತೆ, ನೋಡೋಣ ಎಂದು ಕ್ಯಾಮೆರಾ ತೆರೆದೆ. ಬಿಸಿಲು, ಬಿಳಿ ಇಳಿಜಾರು, ನಾಲ್ಕೈದು ಜನ. ಕಂಬದ ಹತ್ತಿರ ಚೆಂಡುಹೂವಿನ ಜಾಕೆಟ್ಟು. ಮುಖ ಕಾಣುವಷ್ಟು ಸ್ಪಷ್ಟವಿರಲಿಲ್ಲ, ಯಾವುದೋ ಹುಡುಗಿ, ಫೋಟೋಕ್ಕೋ ಏನೋ ಕೈ ಮೇಲೆತ್ತಿದ್ದಳು. ಈ ವಾರ ಜಾಕೆಟ್ಟು ಎರಡನೇ ಮಹಡಿಯ ಮನೆಯವರ ಸರದಿ ಎಂದು ಗುಂಪಿನಲ್ಲಿ ನಾನೇ ಓದಿದ್ದೆ. ಅದು ಆಗ ನೆನಪಿಗೆ ಬರಲಿಲ್ಲ. ಕುರ್ಚಿಯಿಂದ ಎದ್ದು ನಿಂತು, ಚಹಾದ ಲೋಟ ಹಿಡಿದಿದ್ದ ಕೈಯನ್ನೇ ಎತ್ತಿ ಬೀಸಿದೆ. ಚಹಾ ಅಂಗಿಯ ಮೇಲೆ ಚೆಲ್ಲಿತು.

"ಕ್ಯಾ ಹುವಾ ಭಾಯಿ? ಕಿಸ್ ಕೋ ಬುಲಾತಾ ಹೈ?" ಎಂದ ಯೂಸುಫ್ ಭಾಯಿ, ಸ್ಪ್ಯಾನರು ಹಿಡಿದುಕೊಂಡೇ.

ಚಿತ್ರದ ಕೆಳಗೆ "ಮುಂದಿನ ಚಿತ್ರ ಹತ್ತು ನಿಮಿಷದಲ್ಲಿ" ಎಂದಿತ್ತು. ಅದನ್ನು ಮುಚ್ಚಿ ಪಲ್ಲವಿಗೆ ಫೋನ್ ಮಾಡಿದೆ. ಅಲ್ಲಿ ಊಟದ ಹೊತ್ತು, ತಟ್ಟೆಗಳ ಸದ್ದು ಕೇಳುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಒಂದೇ ಉಸಿರಿಗೆ, "ಪಪ್ಪಾ, ನೋ ರೇನ್, ನಾಟ್ ಕೋಲ್ಡ್, ಸ್ವೆಟರ್ ಇದೆ" ಅಂದಳು.

"ಹವಾ ಕೇಳಾಕ ಮಾಡಿಲ್ಲ ಬಿಡವಾ" ಅಂದೆ. "ನೀ ಕೈ ಎತ್ತಿದ್ದಿಯಲ್ಲ, ಅದಕ್ಕ ಮಾಡೀನಿ."

"ವೆನ್?"

"ಮಾರ್ಚಿನ್ಯಾಗ. ಮ್ಯಾಲೆ, ಆ ಕಂಬದ ಹತ್ರ."

ಆ ಕಡೆ ತಟ್ಟೆಗಳ ಸದ್ದು ದೂರವಾಯಿತು. ಅವಳು ಎದ್ದು ಹೊರಗೆ ಬಂದಿರಬೇಕು. ಆಮೇಲೆ ಹೇಳಿದಳು:

"ಹತ್ತು ನಿಮಿಷ ಅಂದಿದ್ದಿ, ಪಪ್ಪಾ."